ಚಾತುರ್ಮಾಸ್ಯದಲ್ಲಿ ಸಮೀಪದ ಯಾತ್ರೆ: ದಿಗ್ವ್ರತದ ಮೇರೆಯೊಳಗೆ ನೋಡಬಹುದಾದ ಕರ್ನಾಟಕದ ಜಿನಕ್ಷೇತ್ರಗಳು

ಆಷಾಢ ಶುಕ್ಲ ಚತುರ್ದಶಿಯಂದು ಮುನಿಸಂಘಗಳು ವರ್ಷಾಯೋಗ ಸ್ಥಾಪಿಸಿ ಒಂದೇ ಊರಿನಲ್ಲಿ ನೆಲೆ ನಿಲ್ಲುತ್ತವೆ. ಮಳೆಗಾಲದಲ್ಲಿ ನೆಲದ ತುಂಬ ಹುಲ್ಲು, ಪಾಚಿ, ಸಣ್ಣ ಜೀವಿಗಳು ಹುಟ್ಟುವುದರಿಂದ ನಡೆದಷ್ಟೂ ಹಿಂಸೆ ಎಂಬುದು ಇದರ ಹಿಂದಿರುವ ಕಾರಣ. ಶ್ರಾವಕರಿಗೆ ಅಷ್ಟು ಕಟ್ಟುನಿಟ್ಟಿನ ನಿಯಮವಿಲ್ಲ. ಆದರೂ ಅನೇಕ ಕುಟುಂಬಗಳು ಈ ನಾಲ್ಕು ತಿಂಗಳು ದೂರದ ಪ್ರಯಾಣ ಬಿಡುತ್ತವೆ. ಕೆಲವರು ಜಿಲ್ಲೆಯ ಗಡಿ ಅಥವಾ ಇಂತಿಷ್ಟು ಕಿಲೋಮೀಟರ್ ಎಂದು ನಿಯಮ ಹಾಕಿಕೊಳ್ಳುತ್ತಾರೆ. ಶ್ವೇತಾಂಬರ ಪರಂಪರೆಯಲ್ಲಿ ಶತ್ರುಂಜಯ ಗಿರಿಯ ಯಾತ್ರೆಯೇ ಕಾರ್ತಿಕ ಪೂರ್ಣಿಮೆಯವರೆಗೆ ನಿಂತಿರುತ್ತದೆ. 27 ಕಿ.ಮೀ. ನಡಿಗೆಯ ಸಮ್ಮೇದಶಿಖರ ವಂದನೆಯೂ ಮಳೆಯಲ್ಲಿ ವಯಸ್ಸಾದವರಿಗೆ ಕಷ್ಟ.

ಹಾಗೆಂದು ಚಾತುರ್ಮಾಸ್ಯ ಯಾತ್ರೆಯಿಲ್ಲದ ಕಾಲವಾಗಬೇಕಿಲ್ಲ. ಕರ್ನಾಟಕದ ಬಹುತೇಕ ಊರುಗಳಿಂದ ಬೆಳಿಗ್ಗೆ ಹೊರಟು ಸೂರ್ಯಾಸ್ತದೊಳಗೆ ಮನೆ ಸೇರುವಷ್ಟು ದೂರದಲ್ಲಿ ಒಂದಲ್ಲ ಒಂದು ಪ್ರಾಚೀನ ಬಸದಿ ಇದೆ. ಅವುಗಳಲ್ಲಿ ಎಷ್ಟೋ ಬಸದಿಗಳಲ್ಲಿ ನಿತ್ಯದ ಅಭಿಷೇಕ ನಡೆಯುತ್ತಿರುವುದು ಒಂದೇ ಒಂದು ಮನೆತನದ ಶ್ರದ್ಧೆಯಿಂದ. ದೊಡ್ಡ ಕ್ಷೇತ್ರಗಳಿಗೆ ದೇಶದ ಎಲ್ಲೆಡೆಯಿಂದ ಯಾತ್ರಿಕರು ಬರುತ್ತಾರೆ. ಹತ್ತಿರದ ಸಣ್ಣ ಬಸದಿಗೆ ಸುತ್ತಲಿನ ಶ್ರಾವಕರು ಹೋಗದಿದ್ದರೆ ಬೇರೆ ಯಾರೂ ಹೋಗುವುದಿಲ್ಲ.

ಮೇರೆ ಹಾಕಿಕೊಳ್ಳುವುದೆಂದರೇನು?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅಣುವ್ರತಗಳ ಬಳಿಕ ದಿಗ್ವ್ರತ, ದೇಶವ್ರತಗಳ ಹೆಸರು ಬರುತ್ತದೆ. ಹತ್ತು ದಿಕ್ಕುಗಳಲ್ಲಿ ಇಷ್ಟು ದೂರದಾಚೆ ಹೋಗುವುದಿಲ್ಲ ಎಂದು ಜೀವನಪರ್ಯಂತ ಮೇರೆ ಕಟ್ಟಿಕೊಳ್ಳುವುದು ದಿಗ್ವ್ರತ. ಆ ದೊಡ್ಡ ಮೇರೆಯೊಳಗೇ ಒಂದು ನಿರ್ದಿಷ್ಟ ಕಾಲಕ್ಕೆ ಇನ್ನೂ ಚಿಕ್ಕ ಮೇರೆ ಹಾಕಿಕೊಳ್ಳುವುದು ದೇಶವ್ರತ. ಇದನ್ನೇ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ದೇಶಾವಕಾಶಿಕ ಎಂದು ಕರೆದು ಶಿಕ್ಷಾವ್ರತಗಳಲ್ಲಿ ಸೇರಿಸುತ್ತದೆ. ಮನೆ, ಊರು, ಹೊಲ, ನದಿ, ಕಾಡು, ಯೋಜನ ಇವುಗಳಿಂದ ಗಡಿಯನ್ನು ಗುರುತಿಸಬಹುದು. ವರ್ಷ, ತಿಂಗಳು, ನಾಲ್ಕು ತಿಂಗಳು, ಪಕ್ಷ ಹೀಗೆ ಕಾಲವನ್ನು ಹೇಳಬಹುದು. ಚಾತುರ್ಮಾಸ್ಯದ ಪ್ರಯಾಣ ನಿಯಮಕ್ಕೆ ಆಧಾರ ಈ ವ್ರತ.

ಮೇರೆಯಾಚೆ ಕಾಲಿಡದವನಿಂದ ಅಲ್ಲಿನ ಸ್ಥೂಲ ಹಿಂಸೆಯಷ್ಟೇ ಅಲ್ಲ, ಸೂಕ್ಷ್ಮ ಹಿಂಸೆಯೂ ಆಗದು. ಅಷ್ಟರಮಟ್ಟಿಗೆ ಗೃಹಸ್ಥನೂ ಮಹಾವ್ರತಿಯ ಸ್ಥಿತಿಗೆ ಹತ್ತಿರವಾಗುತ್ತಾನೆ ಎಂಬುದು ಶಾಸ್ತ್ರದ ಮಾತು.

ವ್ರತಕ್ಕೆ ಅತಿಚಾರಗಳೂ ಹೇಳಿವೆ. ದಿಗ್ವ್ರತದಲ್ಲಿ ಮೇಲೆ, ಕೆಳಗೆ, ಅಡ್ಡಲಾಗಿ ಮೇರೆ ಮೀರುವುದು, ಒಂದು ದಿಕ್ಕಿನ ಮಿತಿಯನ್ನು ಹಿಗ್ಗಿಸುವುದು ಮತ್ತು ಹಾಕಿಕೊಂಡ ಮೇರೆಯನ್ನೇ ಮರೆಯುವುದು. ದೇಶವ್ರತದಲ್ಲಿ ಮೇರೆಯಾಚೆಯಿಂದ ವಸ್ತು ತರಿಸುವುದು, ಆಳನ್ನು ಕಳಿಸುವುದು, ಕೂಗಿ ಅಥವಾ ಮೈ ತೋರಿಸಿ ಸನ್ನೆ ಮಾಡುವುದು, ಕಲ್ಲು ಮೊದಲಾದುವನ್ನು ಎಸೆದು ಗಮನ ಸೆಳೆಯುವುದು. ಮೊಬೈಲ್ ಕರೆ, ಆನ್‌ಲೈನ್ ಖರೀದಿಗಳ ಕಾಲದಲ್ಲಿ ಈ ಪಟ್ಟಿಯನ್ನು ಹೇಗೆ ಅನ್ವಯಿಸಬೇಕೆಂಬ ಪ್ರಶ್ನೆ ಸಹಜ. ವ್ಯಾಪಾರ, ಆಸ್ಪತ್ರೆ, ಮಕ್ಕಳ ಓದು ಇವುಗಳಿಗೆ ಎಷ್ಟು ವಿನಾಯಿತಿ ಎಂಬುದನ್ನು ನಿಯಮ ತೆಗೆದುಕೊಳ್ಳುವಾಗಲೇ ಊರಿನಲ್ಲಿರುವ ಮುನಿಗಳು, ಆರ್ಯಿಕೆಯರು ಅಥವಾ ಭಟ್ಟಾರಕರ ಬಳಿ ಕೇಳಿ ಗೊತ್ತುಮಾಡಿಕೊಳ್ಳುವುದು ಲೇಸು. ನಡುವೆ ಬಿಟ್ಟುಕೊಡುವ ದೊಡ್ಡ ನಿಯಮಕ್ಕಿಂತ ಕೊನೆತನಕ ನಡೆಯುವ ಸಣ್ಣ ನಿಯಮ ಮೇಲು.

ನಿಯಮ ಹಾಕಿಕೊಳ್ಳುವಾಗ ಭೂಪಟವನ್ನು ಮುಂದಿಟ್ಟುಕೊಂಡು, ಮೇರೆಯೊಳಗೆ ಬರುವ ಬಸದಿಗಳನ್ನು ಮನೆಯವರೆಲ್ಲ ಸೇರಿ ಪಟ್ಟಿ ಮಾಡಿದರೆ ನಾಲ್ಕು ತಿಂಗಳ ದರ್ಶನಕ್ಕೆ ದಾರಿ ತಾನೇ ತೋರುತ್ತದೆ. ಅದಕ್ಕೆ ನೆರವಾಗಲೆಂದು ಪ್ರದೇಶವಾರು ವಿವರ ಇಲ್ಲಿದೆ. ದೂರಗಳೆಲ್ಲ ಅಂದಾಜು.

ಬೆಂಗಳೂರು ಮತ್ತು ತುಮಕೂರು

ಬೆಂಗಳೂರಿನವರಿಗೆ ಅರ್ಧ ದಿನದ ಯಾತ್ರೆಗೆ ಅನುಕೂಲವಾದದ್ದು ತುಮಕೂರು ಬಳಿಯ ಮಂದಾರಗಿರಿ. ಸುತ್ತಲಿನವರು ಇದನ್ನು ಬಸದಿ ಬೆಟ್ಟ ಎನ್ನುತ್ತಾರೆ. ಬೆಟ್ಟದ ಬುಡದಲ್ಲಿ ಆಚಾರ್ಯ ಶಾಂತಿಸಾಗರರ ನೆನಪಿನಲ್ಲಿ ಪಿಂಛಿಯ ಆಕಾರದಲ್ಲಿ ಕಟ್ಟಿದ ಗುರುಮಂದಿರವೂ ಚಂದ್ರನಾಥ ಸ್ವಾಮಿಯ ಎತ್ತರದ ಮೂರ್ತಿಯೂ ಇವೆ. ಬಂಡೆಯಲ್ಲಿ ಕಡಿದ ಮೆಟ್ಟಿಲು ಹತ್ತಿದರೆ ಮೇಲೆ ಹಳೆಯ ಬಸದಿಗಳ ಗುಂಪು, ಆಚೆಗೆ ಮೈದಾಳ ಕೆರೆಯ ನೋಟ. ಹತ್ತಲಾಗದ ಹಿರಿಯರು ಕೆಳಗಿನ ಮಂದಿರಗಳಲ್ಲೇ ಸ್ತೋತ್ರ ಪಾಠ ಮಾಡುತ್ತ ಕುಳಿತಿರಬಹುದು.

ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತಿನಾಥ ಬಸದಿ ಇದೆ. ಮಂದಾರಗಿರಿಗೆ ಹೋದವರು ಇದನ್ನೂ ಸೇರಿಸಿಕೊಳ್ಳಬಹುದು. ಶ್ವೇತಾಂಬರ ಮೂರ್ತಿಪೂಜಕ ಕುಟುಂಬಗಳಿಗೆ ದೇವನಹಳ್ಳಿಯ ಸಿದ್ಧಾಚಲ ಸ್ಥೂಲಭದ್ರ ಧಾಮ ನಗರಕ್ಕೆ ಹತ್ತಿರದ ಸ್ಥಳ.

ಹಾಸನ, ಮಂಡ್ಯ, ಮೈಸೂರು, ಚಾಮರಾಜನಗರ

ಶ್ರವಣಬೆಳಗೊಳ ಬೆಂಗಳೂರಿನಿಂದ 145 ಕಿ.ಮೀ., ಮೈಸೂರಿನಿಂದ 85 ಕಿ.ಮೀ., ಹಾಸನದಿಂದ 50 ಕಿ.ಮೀ. ದೂರದಲ್ಲಿದೆ. ಬೆಂಗಳೂರು–ಹಾಸನ ರೈಲು ಮಾರ್ಗದಲ್ಲಿ ನಿಲ್ದಾಣವೂ ಇದೆ. 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಗೊಮ್ಮಟೇಶ್ವರನನ್ನು ನೋಡದವರು ವಿರಳ. ಆದರೆ ವಿಂಧ್ಯಗಿರಿ ಹತ್ತಿ ಇಳಿದು ಊರಿಗೆ ಮರಳುವವರೇ ಹೆಚ್ಚು. ಸಮೀಪದ ಯಾತ್ರೆಯ ಲಾಭವೆಂದರೆ ಮತ್ತೆ ಮತ್ತೆ ಹೋಗಿ, ಒಂದೊಂದು ಸಲ ಒಂದೊಂದು ಭಾಗ ನೋಡಬಹುದು. ಒಂದು ಭಾನುವಾರ ಚಂದ್ರಗಿರಿಗೇ ಮೀಸಲಿಟ್ಟರೆ ಭದ್ರಬಾಹು ಗುಹೆ, ಚಂದ್ರಗುಪ್ತ ಬಸದಿ, ಕತ್ತಲೆ ಬಸದಿ, ಚಾವುಂಡರಾಯ ಬಸದಿಗಳನ್ನೂ ಬಂಡೆಯ ಮೇಲಿನ ಸಲ್ಲೇಖನ ಶಾಸನಗಳನ್ನೂ ಸಮಾಧಾನವಾಗಿ ನೋಡಬಹುದು. ಇನ್ನೊಂದು ದಿನ ಊರೊಳಗಿನ ಎರಡು ಬಸದಿಗಳಿಗೆ: 1159ರಲ್ಲಿ ಹೊಯ್ಸಳರ ಭಂಡಾರಿ ಹುಳ್ಳ ಕಟ್ಟಿಸಿದ ಭಂಡಾರಿ ಬಸದಿ ಮತ್ತು 1181ರಲ್ಲಿ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕ ಕಟ್ಟಿಸಿದ ಅಕ್ಕನ ಬಸದಿ. ಚಂದ್ರಗಿರಿಯ ಹಿಂದಿರುವ ಜಿನನಾಥಪುರದ ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪಗಳು ಹೊಯ್ಸಳ ಕೆಲಸದ ಒಳ್ಳೆಯ ಮಾದರಿ. ಬೆಳಗೊಳದ ಜನಸಂದಣಿ ಅಲ್ಲಿಗೆ ತಲುಪುವುದು ಅಪರೂಪ.

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿ ಬೆಳಗೊಳಕ್ಕೆ ಹತ್ತಿರದಲ್ಲಿದೆ. ಊರಿಗೆ ಹೆಸರು ಬಂದದ್ದು ಅಲ್ಲಿನ ಎತ್ತರದ ಬ್ರಹ್ಮದೇವರ ಕಂಬದಿಂದ. ಗಂಗರ ಕಾಲದ ಪಂಚಕೂಟ ಬಸದಿಯೂ ಪಕ್ಕದ ಶಾಂತಿನಾಥ ಬಸದಿಯೂ ಇಲ್ಲಿವೆ.

ಹಾಸನದಿಂದ 30 ಕಿ.ಮೀ. ದೂರದ ಹಳೇಬೀಡಿಗೆ ಶಾಲಾ ಪ್ರವಾಸದಲ್ಲಿ ಹೋದ ಮಕ್ಕಳು ಹೊಯ್ಸಳೇಶ್ವರ ದೇವಾಲಯ ನೋಡಿ ಬಂದಿರುತ್ತಾರೆ. ಅಲ್ಲಿಂದ ಸ್ವಲ್ಪ ದೂರದ ಬಸದಿಹಳ್ಳಿಯಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳು ಸಾಲಾಗಿವೆ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ. ನವರಂಗದ ಕಂಬಗಳನ್ನು ಮುಖ ಕಾಣುವಷ್ಟು ನುಣುಪಾಗಿ ಕಡೆದಿದ್ದಾರೆ.

ಮೈಸೂರಿನವರಿಗೆ ಹುಣಸೂರು ತಾಲ್ಲೂಕಿನ ಬಿಳಿಕೆರೆ ಬಳಿಯ ಗೊಮ್ಮಟಗಿರಿ ಅರ್ಧ ದಿನದ ದಾರಿ. ಒಂಟಿ ಬಂಡೆಯ ಮೇಲೆ ನಿಂತ ಬಾಹುಬಲಿ ಮೂರ್ತಿ ಚಿಕ್ಕದಾದರೂ ಬಲು ಪ್ರಶಾಂತ. ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಕನಕಗಿರಿಯಲ್ಲಿ ಪಾರ್ಶ್ವನಾಥ ಬಸದಿಯೂ ಜೈನ ಮಠವೂ ಇವೆ. ಈ ಕ್ಷೇತ್ರವನ್ನು ಪೂಜ್ಯಪಾದಾಚಾರ್ಯರ ನೆನಪಿನೊಡನೆ ಪರಂಪರೆ ಜೋಡಿಸುತ್ತದೆ.

ಕರಾವಳಿ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳವರಿಗೆ ಸಮೀಪದ ಯಾತ್ರೆಯಲ್ಲಿ ಕೊರತೆ ಎಂಬುದೇ ಇಲ್ಲ. ಮಂಗಳೂರಿನಿಂದ 35 ಕಿ.ಮೀ. ದೂರದ ಮೂಡುಬಿದಿರೆಯೊಂದರಲ್ಲೇ 18 ಬಸದಿಗಳಿವೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ, ಅಂದರೆ ತ್ರಿಭುವನತಿಲಕ ಚೂಡಾಮಣಿ, ಎಲ್ಲರಿಗೂ ಗೊತ್ತು. ಷಟ್ಖಂಡಾಗಮದ ಧವಳಾ ಟೀಕೆಯ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಗುರುಬಸದಿಯ ಕಥೆಯನ್ನು ಮಕ್ಕಳಿಗೆ ಅಲ್ಲೇ ನಿಲ್ಲಿಸಿ ಹೇಳಬೇಕು. ಉಳಿದ ಬಸದಿಗಳಿಗೂ ನಡೆದೇ ಹೋಗಬಹುದು. ಕೆಲವು ಬಸದಿಗಳ ಬಾಗಿಲು ಪೂಜೆಯ ಹೊತ್ತಿಗೆ ಮಾತ್ರ ತೆರೆಯುತ್ತದೆ. ಹತ್ತಿರದಲ್ಲೇ ಇರುವ ಇಂದ್ರರ ಮನೆಯಲ್ಲಿ ಮೊದಲೇ ಹೇಳಿಟ್ಟರೆ ದರ್ಶನಕ್ಕೆ ತೊಂದರೆಯಾಗದು.

ಮೂಡುಬಿದಿರೆಯಿಂದ 18 ಕಿ.ಮೀ. ದೂರದ ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ಭೈರರಸ ಪ್ರತಿಷ್ಠಾಪಿಸಿದ 42 ಅಡಿಯ ಬಾಹುಬಲಿ ಇದ್ದಾನೆ. ಎದುರಿನ ದಿಬ್ಬದಲ್ಲಿ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿನಿಂದಲೂ ಒಂದೇ ಬಗೆಯ ಬಾಗಿಲು, ಪ್ರತಿ ಬಾಗಿಲ ಎದುರು ಅರನಾಥ, ಮಲ್ಲಿನಾಥ, ಮುನಿಸುವ್ರತ ತೀರ್ಥಂಕರರು. ಹಿರಿಯಂಗಡಿಯ ಮಾನಸ್ತಂಭವನ್ನೂ ಬಿಡಬಾರದು.

ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಬಾಹುಬಲಿ ಫಲ್ಗುಣಿ ನದಿಯ ದಡದಲ್ಲಿದೆ. ಧರ್ಮಸ್ಥಳದ 39 ಅಡಿಯ ಮೂರ್ತಿಯನ್ನು ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈ ಅವರು ಕೆತ್ತಿದರು. ಅದರ ಪ್ರತಿಷ್ಠೆ 1982ರಲ್ಲಿ ಆಯಿತು. ಕಾರ್ಕಳದಿಂದ ಹೆಬ್ರಿಯ ದಾರಿಯಲ್ಲಿ ಸಿಗುವ ವರಂಗದಲ್ಲಿ ನೀರಿನ ನಡುವೆ ಕೆರೆ ಬಸದಿ ಇದೆ. ದೋಣಿಯಲ್ಲೇ ಹೋಗಬೇಕಾದ್ದರಿಂದ ಜೋರು ಮಳೆಯ ದಿನಗಳಲ್ಲಿ ಮೊದಲು ವಿಚಾರಿಸಿಕೊಳ್ಳಬೇಕು. ದೋಣಿ ಇಲ್ಲದ ದಿನವೂ ಊರಿನ ನೇಮಿನಾಥ ಬಸದಿಯ ದರ್ಶನಕ್ಕೆ ಅಡ್ಡಿಯಿಲ್ಲ.

ಮಲೆನಾಡು ಮತ್ತು ಉತ್ತರ ಕನ್ನಡ

ಹೊಸನಗರ ತಾಲ್ಲೂಕಿನ ಹೊಂಬುಜ ಶಿವಮೊಗ್ಗದಿಂದ ಸುಮಾರು 60 ಕಿ.ಮೀ. ದೂರ. ಪದ್ಮಾವತಿ ದೇವಿಯ ದರ್ಶನಕ್ಕೆ ಬಂದವರು ಸಾಂತರರ ಕಾಲದ ಪಂಚಕೂಟ ಬಸದಿಗೂ ಹೋಗಬೇಕು. 1077ರ ಈ ಬಸದಿಯನ್ನು ಕಟ್ಟಿಸಿದವಳು ಚಟ್ಟಲದೇವಿ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಚಂದ್ರನಾಥ ತೀರ್ಥಂಕರರ ಯಕ್ಷಿ ಜ್ವಾಲಾಮಾಲಿನಿಯ ಸನ್ನಿಧಿ ಇದೆ. ಶೃಂಗೇರಿ ಪೇಟೆಯ ಪಾರ್ಶ್ವನಾಥ ಬಸದಿಯನ್ನು ನೋಡದೆ ಮರಳುವವರೇ ಹೆಚ್ಚು. ಶಿರಸಿ ಕಡೆಯವರಿಗೆ ಸೋಂದೆಯ ಜೈನ ಮಠ ಹತ್ತಿರ.

ಘಟ್ಟದ ರಸ್ತೆಗಳಲ್ಲಿ ಆಷಾಢ, ಶ್ರಾವಣಗಳಲ್ಲಿ ಮಣ್ಣು ಕುಸಿಯುವುದುಂಟು. ಘಟ್ಟ ಹತ್ತಿ ಇಳಿಯಬೇಕಾದ ಯಾತ್ರೆಯನ್ನು ಭಾದ್ರಪದ ಕಳೆದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು.

ಬೆಳಗಾವಿ, ಧಾರವಾಡ, ಗದಗ

ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು 1204ರಲ್ಲಿ ರಟ್ಟರ ಮಂತ್ರಿ ಬೀಚಿರಾಜ ಕಟ್ಟಿಸಿದ. ಮೇಲ್ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲವೇ ಹೆಸರಿಗೆ ಕಾರಣ. ನಿಪ್ಪಾಣಿ ಬಳಿಯ ಸ್ತವನಿಧಿ ಪಾರ್ಶ್ವನಾಥ ಮತ್ತು ಕ್ಷೇತ್ರಪಾಲ ಬ್ರಹ್ಮದೇವರಿಂದ ಹೆಸರಾದ ಕ್ಷೇತ್ರ.

ಇದೇ ಭಾಗದಲ್ಲಿ ಇನ್ನೊಂದು ಬಗೆಯ ಯಾತ್ರೆಯೂ ಸಾಧ್ಯ. ಚಾರಿತ್ರ ಚಕ್ರವರ್ತಿ ಆಚಾರ್ಯ ಶಾಂತಿಸಾಗರರು (1872–1955) ಬೆಳೆದ ಭೋಜ, ಆಚಾರ್ಯ ದೇಶಭೂಷಣರ ಕೋಥಳಿ, ಆಚಾರ್ಯ ವಿದ್ಯಾನಂದರು ಹುಟ್ಟಿದ ಶೇಡಬಾಳ, ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ ಸದಲಗಾ, ಈ ನಾಲ್ಕೂ ಊರುಗಳು ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲೇ ಇವೆ. ದೇಶದ ತುಂಬ ವಿಹಾರ ಮಾಡಿದ ಗುರುಗಳು ಇಂಥ ಕೃಷಿಕ ಊರುಗಳಿಂದ ಹೊರಟವರು ಎಂಬುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ.

ಹುಬ್ಬಳ್ಳಿಯವರಿಗೆ ವರೂರಿನ ನವಗ್ರಹ ತೀರ್ಥ ಹತ್ತಿರ. ಧಾರವಾಡ ಬಳಿಯ ಅಮ್ಮಿನಭಾವಿಯಲ್ಲಿಯೂ, ಪಂಪನ ನೆನಪಿನ ಅಣ್ಣಿಗೇರಿಯಲ್ಲಿಯೂ ಪಾರ್ಶ್ವನಾಥ ಬಸದಿಗಳಿವೆ. ಗದಗಿನಿಂದ 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಆ ತಾಯಿಯ ಬಸದಿಯ ಅಂಗಳ ಶಾಸ್ತ್ರ ಸ್ವಾಧ್ಯಾಯಕ್ಕೆ ಯೋಗ್ಯ ಸ್ಥಳ. ಲಕ್ಷ್ಮೇಶ್ವರದ ಶಂಖ ಬಸದಿಯಲ್ಲಿ ಸಹಸ್ರಕೂಟ ಜಿನಬಿಂಬದ ದರ್ಶನವಾಗುತ್ತದೆ.

ಬಾಗಲಕೋಟೆ, ವಿಜಯಪುರ, ಕಲಬುರಗಿ, ಕೊಪ್ಪಳ

ಬಾದಾಮಿಯ ನಾಲ್ಕನೆಯ ಗುಹೆ ಜೈನ ಗುಹೆ. ಬಾಹುಬಲಿ, ಪಾರ್ಶ್ವನಾಥರ ಶಿಲ್ಪಗಳು ಅಲ್ಲಿವೆ. ಪಟ್ಟದಕಲ್ಲಿನಲ್ಲಿ ರಾಷ್ಟ್ರಕೂಟರ ಕಾಲದ ಜಿನಾಲಯ ಮುಖ್ಯ ದೇವಾಲಯ ಗುಂಪಿನಿಂದ ಸ್ವಲ್ಪ ದೂರದಲ್ಲಿರುವುದರಿಂದ ಬಹಳ ಮಂದಿಯ ಕಣ್ಣಿಗೆ ಬೀಳುವುದಿಲ್ಲ. ಐಹೊಳೆಯ ಮೇಗುತಿ ಜಿನಾಲಯದಲ್ಲಿ 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯ ಇತಿಹಾಸಕ್ಕೆ ಅದೇ ಮುಖ್ಯ ಆಧಾರ. ಈ ಮೂರನ್ನೂ ಒಂದೇ ದಿನ ನೋಡಬಹುದು.

ವಿಜಯಪುರದಲ್ಲಿ ಸಹಸ್ರಫಣಿ ಪಾರ್ಶ್ವನಾಥನಿದ್ದಾನೆ. ಕಲಬುರಗಿಯಿಂದ 40 ಕಿ.ಮೀ. ದೂರದ ಮಳಖೇಡ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ. ಅಲ್ಲಿನ ನೇಮಿನಾಥ ಬಸದಿಯಲ್ಲಿ ಇಂದಿಗೂ ಪೂಜೆ ಇದೆ. ಕೊಪ್ಪಳ ಶಾಸನಗಳಲ್ಲಿ ಕಾಣುವ ಮಹಾತೀರ್ಥ ಕೊಪಣ. ಸುತ್ತಲಿನ ಬೆಟ್ಟಗಳಲ್ಲಿ ಮುನಿಗಳು ತಪಸ್ಸು, ಸಲ್ಲೇಖನ ಕೈಗೊಂಡ ನೆಲೆಗಳಿವೆ.

ಮಳೆಗಾಲದ ಯಾತ್ರೆಯಲ್ಲಿ ಗಮನಿಸಬೇಕಾದವು

*ಹೊತ್ತು.* ರಾತ್ರಿ ಪ್ರಯಾಣ ಬೇಡ. ಮಳೆಗಾಲದ ರಾತ್ರಿ ವಾಹನದ ದೀಪಕ್ಕೆ ಬಂದು ಬಡಿಯುವ ಹುಳುಗಳಿಗೂ ರಸ್ತೆಗೆ ಬರುವ ಕಪ್ಪೆಗಳಿಗೂ ಲೆಕ್ಕವಿಲ್ಲ. ಹತ್ತಿರದ ಕ್ಷೇತ್ರ ಆರಿಸಿಕೊಂಡದ್ದರ ಉದ್ದೇಶವೇ ಅಲ್ಲಿ ಕೆಡುತ್ತದೆ. ಬೆಳಕಾದ ಮೇಲೆ ಹೊರಟು, ಹೊತ್ತು ಮುಳುಗುವ ಮುನ್ನ ಮನೆಯಲ್ಲಿರುವಂತೆ ದೂರ ಲೆಕ್ಕ ಹಾಕಬೇಕು.

*ನಡಿಗೆ.* ಹುಲ್ಲಿನ ಮೇಲೆ, ಪಾಚಿಗಟ್ಟಿದ ಬಂಡೆಯ ಮೇಲೆ ಕಾಲಿಡದೆ ಮೆಟ್ಟಿಲಿನಲ್ಲೇ ನಡೆಯಬೇಕು. ಪಾಚಿಯಲ್ಲಿ ಅನಂತ ಜೀವರಾಶಿ ಇದೆ. ಜಾರಿ ಬೀಳುವ ಭಯವೂ ಇದೆ. ಬೆಟ್ಟದ ಕ್ಷೇತ್ರಗಳಲ್ಲಿ ಚಪ್ಪಲಿ ಕೆಳಗೇ ಬಿಡುವುದರಿಂದ ಮಳೆ ಬಿಟ್ಟ ಹೊತ್ತು ನೋಡಿ ಹತ್ತುವುದು ಕ್ಷೇಮ. ವಿಂಧ್ಯಗಿರಿಯಲ್ಲಿ ಹಿರಿಯರಿಗೆ ಡೋಲಿಯ ಅನುಕೂಲವಿದೆ.

*ಆಹಾರ.* ಬುತ್ತಿ ಕಟ್ಟಿಕೊಂಡು ಹೋಗುವುದೇ ಸುಲಭ. ಮಳೆಗಾಲದಲ್ಲಿ ಹಿಟ್ಟಿಗೆ ಮೂರು ದಿನದ ಮರ್ಯಾದೆ ಎಂಬುದನ್ನು ನೆನಪಿಟ್ಟು ಹೊಸದಾಗಿ ಬೀಸಿದ ಹಿಟ್ಟಿನಿಂದ ಅಂದೇ ಮಾಡಿದ ರೊಟ್ಟಿ, ಚಪಾತಿ, ಒಗ್ಗರಣೆ ಅವಲಕ್ಕಿ ಸಾಕು. ನೀರನ್ನು ಸೋಸಿ ಚೆನ್ನಾಗಿ ಕುದಿಸಿ ಒಯ್ದರೆ ಇಡೀ ದಿನಕ್ಕೆ ಆಗುತ್ತದೆ. ಮಠಗಳಿರುವ ಕ್ಷೇತ್ರಗಳಲ್ಲಿ ಭೋಜನದ ವ್ಯವಸ್ಥೆ ಇದ್ದರೂ ಎಷ್ಟು ಜನ ಬರುತ್ತಾರೆಂದು ಮುಂಚೆಯೇ ತಿಳಿಸುವುದು ಮರ್ಯಾದೆ.

*ಸಂರಕ್ಷಿತ ಸ್ಮಾರಕಗಳು.* ಬಾದಾಮಿ, ಐಹೊಳೆ, ಪಟ್ಟದಕಲ್ಲು, ಹಳೇಬೀಡು ಮೊದಲಾದೆಡೆ ಪುರಾತತ್ತ್ವ ಇಲಾಖೆಯ ನಿಯಮಗಳಿವೆ. ಪೂಜೆ ನಡೆಯದ ಸ್ಮಾರಕಗಳಲ್ಲಿ ಮೂರ್ತಿಗೆ ನೀರು, ಹಾಲು, ಗಂಧ, ಅರಿಶಿನ ಹಾಕಬಾರದು. ಕೈ ಮುಗಿದು ಣಮೋಕಾರ ಮಂತ್ರ ಹೇಳಿದರೆ ಸಾಕು. ಶಾಸನಗಳ ಮೇಲೆ ಕೈಯಾಡಿಸಿದರೂ ಅಕ್ಷರ ಸವೆಯುತ್ತದೆ.

ಸಣ್ಣ ಬಸದಿಗೆ ಹೋದಾಗ

ಜನಸಂಚಾರವಿಲ್ಲದ ಬಸದಿಗೆ ಹೋಗುವವರು ಅಲ್ಲಿನ ಅರ್ಚಕರಿಗೆ ಹಿಂದಿನ ದಿನವೇ ತಿಳಿಸಬೇಕು. ಕರಾವಳಿಯಲ್ಲಿ ಅವರನ್ನು ಇಂದ್ರರೆಂದೂ ಉತ್ತರ ಕರ್ನಾಟಕದಲ್ಲಿ ಉಪಾಧ್ಯೆಯರೆಂದೂ ಕರೆಯುತ್ತಾರೆ. ಅಷ್ಟದ್ರವ್ಯಗಳನ್ನು ಮನೆಯಿಂದಲೇ ಒಯ್ದರೆ ಅವರಿಗೆ ಹೊರೆಯಾಗದು. ಹುಂಡಿಗೆ ಹಾಕುವ ಕಾಣಿಕೆಯ ಜೊತೆಗೆ ಬಸದಿಗೆ ಏನು ಬೇಕಾಗಿದೆಯೆಂದು ಕೇಳಬೇಕು. ಅಭಿಷೇಕಕ್ಕೆ ಸೋಸುವ ಬಟ್ಟೆ, ದೀಪದ ಎಣ್ಣೆ, ಸೋರುವ ಮಾಡಿಗೆ ನಾಲ್ಕು ಹೆಂಚು, ಹೀಗೆ ಬೇಡಿಕೆ ಬಹಳ ಸಲ ಸಣ್ಣದೇ ಆಗಿರುತ್ತದೆ. ಮಳೆಗಾಲದಲ್ಲೇ ಹೋದವರಿಗೆ ಬಸದಿ ಎಲ್ಲಿ ಸೋರುತ್ತಿದೆ ಎಂಬುದೂ ಕಣ್ಣಿಗೆ ಬೀಳುತ್ತದೆ. ಕಂಡದ್ದನ್ನು ಊರಿನ ಬಸದಿ ಸಮಿತಿಗೆ ತಿಳಿಸಿದರೆ ಮುಂದಿನ ಮಳೆಗೆ ಮುನ್ನ ದುರಸ್ತಿಯಾಗಲು ದಾರಿಯಾಗುತ್ತದೆ.

ವರ್ಷಕ್ಕೊಮ್ಮೆ ಒಂದೇ ಬಸದಿಗೆ ತಪ್ಪದೆ ಹೋಗುವ ಪದ್ಧತಿಯನ್ನು ಕುಟುಂಬವೊಂದು ಹಾಕಿಕೊಂಡರೂ ಉಪಕಾರ ದೊಡ್ಡದು. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಒಂದು ದಿನವನ್ನು, ಅನಂತ ನೋಂಪಿಯ ದಿನವನ್ನು ಅಥವಾ ಮನೆಯ ಹಿರಿಯರ ಪುಣ್ಯತಿಥಿಯನ್ನು ಅದಕ್ಕೆ ಗೊತ್ತುಮಾಡಬಹುದು.

ಮನೆ ಬಿಟ್ಟು ಹೊರಡಲಾಗದವರಿಗೆ

2020ರ ಲಾಕ್‌ಡೌನ್ ಸಮಯದಲ್ಲಿ ಊರ ಬಸದಿಗೂ ಹೋಗಲಾಗದ ದಿನಗಳನ್ನು ಎಲ್ಲರೂ ಕಂಡಿದ್ದಾರೆ. ಕಾಯಿಲೆ, ಮುಪ್ಪು, ಬಾಣಂತನಗಳಲ್ಲಿ ಆ ಸ್ಥಿತಿ ಎಂದಿಗೂ ಇರುತ್ತದೆ. ಅಂಥವರಿಗೆ ಭಾವವಂದನೆ ಹೇಳಿದೆ. ಕ್ಷೇತ್ರದ ದಿಕ್ಕಿಗೆ ಮುಖಮಾಡಿ ಕುಳಿತು, ನಿರ್ವಾಣಕಾಂಡವನ್ನು ಪಠಿಸಿ, ಕಂಡಿದ್ದ ಕ್ಷೇತ್ರವನ್ನು ಮೆಟ್ಟಿಲು ಮೆಟ್ಟಿಲಾಗಿ ಮನಸ್ಸಿನಲ್ಲಿ ನೆನೆಯುವುದು. ಯಾತ್ರೆಗೆ ಹೋಗಿ ಬಂದ ಮಕ್ಕಳು ಗಂಧೋದಕವನ್ನು ತಂದು ಅಜ್ಜ ಅಜ್ಜಿಯ ಹಣೆಗೆ ಹಚ್ಚಿ, ನೋಡಿದ್ದನ್ನು ಅವರ ಪಕ್ಕದಲ್ಲಿ ಕುಳಿತು ಹೇಳಿದರೆ ಅವರಿಗೂ ಅದು ಯಾತ್ರೆಯೇ.

ಸಮ್ಮೇದಶಿಖರ, ಗಿರನಾರ, ಪಾವಾಪುರಿಗಳಿಗೆ ಚಾತುರ್ಮಾಸ್ಯ ಮುಗಿದ ಮೇಲೆ ಹೋಗಬಹುದು. ಅದಕ್ಕೆ ಮುನ್ನ, ಹಾಕಿಕೊಂಡ ಮೇರೆಯೊಳಗಿನ ಒಂದು ಬಸದಿಯಲ್ಲಾದರೂ ಈ ಮಳೆಗಾಲ ದೀಪ ಬೆಳಗಿಸಿ ಬರುವುದು ಪ್ರತಿ ಶ್ರಾವಕ ಕುಟುಂಬಕ್ಕೂ ಸಾಧ್ಯವಾದ ಕೆಲಸ.